ಹಗೇವಿನ ಬಾಯಿ

ಗಡ್ಡಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತ ಮೃತ್ಯುಂಜಯ ಮತ್ತೆ ಮೊದಲಿನಿಂದ ಶುರು ಮಾಡಿದ. ‘ಸಭಿಕರೇ’ ಅಂದ. ಬೇಡವೆನಿಸಿತು. ‘ಬಂಧುಗಳೇ’ ಅಂದ. ಅದಂತೂ ಬೇಡವೇ ಬೇಡ. ಇಷ್ಟು ವರ್ಷ ಬೆನ್ನ ಹಿಂದೆ ನಕ್ಕವರು ಯಾವ ಸೀಮೆಯ ಬಂಧುಗಳು? ಸಂಜೆ ಸವಣೂರಿನಲ್ಲಿ ನಾಟಕ ಮುಗಿದ ಮೇಲೆ ಅವನ ಕೈಗೆ ಎರಡು ನಿಮಿಷ ಮೈಕು ಕೊಡುವುದೆಂದು ಕರಾರಾಗಿತ್ತು. ಅಷ್ಟರಲ್ಲಿ ಅವನು ಒಂದೇ ಒಂದು ಮಾತು ಹೇಳಬೇಕು: ನನ್ನ ಅಜ್ಜ ಚನ್ನವೀರಪ್ಪ ಹೆಂಡತಿಯನ್ನು ಕೊಂದವನಲ್ಲ. ಹಾನಗಲ್ಲಿನ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ, ಎದುರು ಕೂತ ಹುಡುಗರ ನಿದ್ದೆಯನ್ನೂ ಆಕಳಿಕೆಯನ್ನೂ ಲೆಕ್ಕಿಸದೆ ಗಂಟೆಗಟ್ಟಲೆ ಮಾತಾಡಿದವನಿಗೆ ಈ ಒಂದು ಮಾತು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಹೇಳಿದ ಕೂಡಲೇ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೇಳಿಸುತ್ತಿತ್ತು. ಬ್ಲೇಡು ಗದ್ದಕ್ಕೆ ತಾಗಿ ರಕ್ತ ಬಂತು. ಅದಕ್ಕೂ ಅವನು ಆ ಪುಸ್ತಕವನ್ನೇ ಬೈದ.

ಸಂಜೆಯ ನಾಟಕಕ್ಕೆ ಮೂಲವಾದ ಆ ಪುಸ್ತಕದ ಹೆಸರು ‘ಹಗೇವಿನ ದೀಪ’. ಬರೆದವರು ಮಧ್ವೇಶರಾಯರೆಂಬ ಶಾಲಾ ಮಾಸ್ತರರು; ಮೃತ್ಯುಂಜಯನ ಮನೆಯವರದೇ ವಾಡೆಯ ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದವರು, ಅದರದೇ ಹಿತ್ತಲಿನ ಬಾವಿಯ ನೀರು ಸೇದಿ ಮಡಿಯಲ್ಲಿ ಅಡಿಗೆ ಮಾಡಿಕೊಂಡವರು. ಹಗೇವು ಅಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ನುಸುಳುವಷ್ಟು, ಹೊಟ್ಟೆ ಒಂದು ಖೋಲಿಯಷ್ಟು. ವರ್ಷಗಟ್ಟಲೆ ಮುಚ್ಚಿಟ್ಟ ಕಾಳಿನ ಮೇಲೆ ಕೆಟ್ಟ ಗಾಳಿ ಕೂತಿರುತ್ತದೆ. ಅದಕ್ಕೇ ಬಾಯಿ ತೆಗೆದು ಒಂದು ದಿನ ಹಾಗೇ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ಉರಿದರೆ ಇಳಿಯಬೇಕು, ಆರಿದರೆ ಸುಮ್ಮನಿರಬೇಕು. ಇಳಿದ ಮೇಲೂ ಬಾಯಲ್ಲಿ ಒಬ್ಬರು ಕೂತು ಕೂಗುತ್ತಲೇ ಇರಬೇಕು, ಒಳಗಿನವರು ‘ಓ’ ಅನ್ನುತ್ತಲೇ ಇರಬೇಕು. ಓ ನಿಂತರೆ ಹಗ್ಗ ಎಳೆಯಬೇಕು. ಕಾದಂಬರಿಯಲ್ಲಿ ವೀರಬಸನಗೌಡನೆಂಬ ಜಮೀನ್ದಾರ ದೀಪ ಆರಿದ್ದನ್ನು ಕಣ್ಣಾರೆ ಕಂಡೂ ಹೆಂಡತಿ ಚಂದ್ರಲೇಖೆಯನ್ನು ಇಳಿಸಿ, ಅವಳು ಒಳಗಿನಿಂದ ಕೂಗುತ್ತಿರುವಾಗಲೇ ಬಾಯಿಗೆ ಬಂಡೆ ಎಳೆದು ಮಣ್ಣು ಮೆತ್ತುತ್ತಾನೆ. ಅಲ್ಲಿಂದ ಮುಂದೆ ಅಮಾವಾಸ್ಯೆಗೊಮ್ಮೆ ಬಂಡೆಯ ಸಂದಿನಲ್ಲಿ ಬೆಳಕು, ವಾಡೆಯ ತುಂಬ ಜೋಳ ಸುರಿಯುವ ಸದ್ದು, ಗೌಡನಿಗೆ ಹುಚ್ಚು. ಜೋಳ ತುಂಬಲು ಹಗೇವಿಗೆ ಇಳಿಯುವ ಹೆಣ್ಣುಮಗಳಿಗೆ ಚಂದ್ರಲೇಖಾ ಎಂದು ಹೆಸರಿಟ್ಟ ಮಹಾನುಭಾವನನ್ನು ಏನೆನ್ನಬೇಕು? ಮೃತ್ಯುಂಜಯನ ಅಜ್ಜಿಯ ಹೆಸರು ಫಕ್ಕೀರವ್ವ. ಫಕ್ಕೀರವ್ವ ಹಗೇವಿನಲ್ಲಿ ಸತ್ತದ್ದು ನಿಜ. ಅಜ್ಜ ಆ ಸಂಜೆ ಹೆಣ ಮೇಲೆತ್ತಿಸಿ, ಬಾಯಿಗೆ ಬಂಡೆ ಎಳೆದು, ಮತ್ತೆಂದೂ ಅದನ್ನು ತೆಗೆಯಗೊಡದ್ದೂ ನಿಜ. ಉಳಿದದ್ದೆಲ್ಲ ಮಾಸ್ತರರ ಕೈಚಳಕ.

‘ಸುದ್ದ ಗಡ್ಡಾ ಮಾಡ್ಕೊಳ್ಳಾಕ ಬರೂದಿಲ್ಲ, ಭಾಷಣಾ ಮಾಡಾಕ ಹೊಂಟೀರಿ,’ ಎಂದು ಹೆಂಡತಿ ರಾಜಶ್ರೀ ಅರಿಸಿನದ ಚಿಟಿಕೆ ತಂದು ಗದ್ದಕ್ಕೆ ಒತ್ತಿದಳು. ‘ಹೋಗ್ಲಿ ಬಿಡ್ರಿ ಅಂದ್ರ ಕೇಳವಲ್ರಿ. ಯಾವ ಕಾಲದ್ದು, ಯಾರ ನೆನಪಿಟ್ಟಾರ?’

ಯಾರು ನೆನಪಿಟ್ಟಿದ್ದಾರೆ! ಯಾರು ಮರೆತಿದ್ದಾರೆ ಎಂದು ಕೇಳಬೇಕಿತ್ತು ಅವಳು. ಮರೆಯಲು ಬಿಡುವ ಪುಸ್ತಕವೇ ಅದು? ಮೊದಮೊದಲು ಅದನ್ನು ಯಲವಿಗಿ ಸ್ಟೇಷನ್ನಿನಲ್ಲಿ ರೈಲು ಕಾಯುವವರು ಕೊಂಡು ಓದಿ, ಇಳಿಯುವಾಗ ಸೀಟಿನ ಮೇಲೆ ಬಿಟ್ಟು ಹೋಗುತ್ತಿದ್ದರಂತೆ. ತಿಳಿದವರು ಮೂಗು ಮುರಿದಿದ್ದರು. ಅಷ್ಟಕ್ಕೇ ಸಾಯಬೇಕಿತ್ತು, ಸಾಯಲಿಲ್ಲ. ನಾಟಕ ಕಂಪನಿಯವರು ಎತ್ತಿಕೊಂಡರು. ಅವನು ಆಗ ಮೂರನೆಯ ಇಯತ್ತೆ. ಮಾಸೂರಿನಲ್ಲಿ ಕಂಪನಿ ಬಿಡಾರ ಹೂಡಿತ್ತು. ಚಂದ್ರಲೇಖೆಯ ದೆವ್ವ ಬಿಳೀ ಸೀರೆಯಲ್ಲಿ ಕುಣಿಯುತ್ತಿತ್ತು, ಹಾಸ್ಯಗಾರ ಹಗೇವಿನೊಳಗೆ ಬಿದ್ದು ಜೋಳ ಉಗುಳುತ್ತಿದ್ದ, ಗೌಡನಿಗೆ ಮೊಳದುದ್ದ ಮೀಸೆ. ಮಾರನೆಯ ದಿನ ಶಾಲೆಯಲ್ಲಿ ಹುಡುಗರು ಅವನ ತುಟಿಯ ಮೇಲೆ ಇದ್ದಿಲಿನಿಂದ ಮೀಸೆ ಬರೆದು ಬಾವಿಕಟ್ಟೆಗೆ ನಿಲ್ಲಿಸಿ ‘ಇಳಿ ಚಂದ್ರಲೇಖಾ, ಇಳಿ’ ಎಂದು ಹಾಡಿದರು. ಅಳುತ್ತ ಮನೆಗೆ ಬಂದರೆ ಸೋದರತ್ತೆ ಅನ್ನವ್ವ ಸೆರಗಿನಿಂದ ಮುಖ ಒರೆಸಿದಳು, ಒಂದು ಮಾತೂ ಕೇಳಲಿಲ್ಲ. ಅಜ್ಜ ಏನು ಮಾಡಿದ? ಗಾಡಿ ಹೂಡಿಸಿ, ಜರಿಪಟಗಾ ಸುತ್ತಿಕೊಂಡು, ತಾನೇ ಮಾಸೂರಿಗೆ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತು ನಾಟಕ ಪೂರ್ತಿ ನೋಡಿಕೊಂಡು ಬಂದ. ಜನ ನಾಟಕ ಬಿಟ್ಟು ಅವನನ್ನೇ ನೋಡಿದರಂತೆ. ಬಂದವನು ಕೈಕಾಲು ತೊಳೆದುಕೊಂಡು ‘ಛಲೋ ಮಾಡ್ಯಾರ’ ಅಂದ, ಅಷ್ಟೇ. ಒಂದು ಮಾತು ಬೈದಿದ್ದರೆ, ಒಂದು ಕಲ್ಲು ಎಸೆಸಿದ್ದರೆ, ಮಾಸ್ತರನ ಕೊರಳಪಟ್ಟಿ ಹಿಡಿದು ಕೇಳಿದ್ದರೆ ಮುಂದಿನದೆಲ್ಲ ಆಗುತ್ತಲೇ ಇರಲಿಲ್ಲ. ಅಜ್ಜನ ಮೇಲಿನ ಈ ಸಿಟ್ಟನ್ನು ಮೃತ್ಯುಂಜಯ ಯಾರ ಮುಂದೆಯೂ ಆಡಿರಲಿಲ್ಲ.

ಆಮೇಲೆ ವಿಮರ್ಶಕರು ಬಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಹಾವೇರಿಯ ಕಾಲೇಜಿನಲ್ಲಿ ಅವನ ಗುರುಗಳು ಮೇಜು ಕುಟ್ಟಿ ಹೇಳಿದರು, ಹಗೇವು ಅಂದರೆ ಹಗೇವಲ್ಲ, ಮನುಷ್ಯನ ಒಳಮನಸ್ಸು. ಗೌಡ ನಮ್ಮೆಲ್ಲರೊಳಗೂ ಇದ್ದಾನೆ. ಇಡೀ ತರಗತಿ ತಿರುಗಿ ಇವನನ್ನು ನೋಡಿತು, ಎಲ್ಲರೊಳಗಿರುವ ಗೌಡ ಇವನೊಳಗೆ ಒಂದು ಪಾವು ಜಾಸ್ತಿ ಇದ್ದಾನೆಂಬಂತೆ. ನಾಲ್ಕು ವರ್ಷ ಕಳೆಯುವುದರೊಳಗೆ ಗೌಡ ಯಾರೊಳಗೂ ಇಲ್ಲ, ಅವನು ಬಡವರ ರಕ್ತ ಹೀರುವ ಜಮೀನ್ದಾರಿಕೆ ಎಂದಾಯಿತು. ಇನ್ನೊಂದು ಹತ್ತು ವರ್ಷಕ್ಕೆ ಚಂದ್ರಲೇಖೆ ಬಂಡಾಯದ ಹೆಣ್ಣಾದಳು; ಅವಳು ಬಿದ್ದದ್ದಲ್ಲ, ತಾನಾಗಿ ಇಳಿದದ್ದು ಎಂದು ಹುಬ್ಬಳ್ಳಿಯ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿದರು. ಟಿವಿ ಧಾರಾವಾಹಿಯಲ್ಲಿ ಹಗೇವಿನೊಳಗೆ ಒಂದು ನಾಗರಹಾವೂ ಒಬ್ಬ ಸವತಿಯೂ ಸೇರಿಕೊಂಡವು. ರಾಜಶ್ರೀ ಅದನ್ನು ಬಿಡದೆ ನೋಡಿದಳು, ಇದು ನಮ್ಮ ಮನೆಯ ಕತೆ ಅಲ್ಲವೇ ಅಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ. ಎಲ್ಲಕ್ಕೂ ಕಲಶವಿಟ್ಟಂತೆ ಕಾದಂಬರಿಯ ಒಂದು ಭಾಗ ಪಠ್ಯಪುಸ್ತಕಕ್ಕೆ ಬಂತು, ಅದನ್ನು ಇವನೇ ಪಾಠ ಮಾಡಬೇಕಾಯಿತು. ‘ವೀರಬಸನಗೌಡನ ಪಾತ್ರವನ್ನು ಚಿತ್ರಿಸಿರಿ’ ಎಂಬ ಐದು ಅಂಕದ ಪ್ರಶ್ನೆಗೆ ಒಬ್ಬ ಹುಡುಗಿ ದುಂಡನೆಯ ಅಕ್ಷರದಲ್ಲಿ ‘ಗೌಡನು ಕ್ರೂರಿಯೂ ಸಂಶಯ ಪಿಶಾಚಿಯೂ ನಮ್ಮ ಮೃತ್ಯುಂಜಯ ಸರ್ ಇವರ ಅಜ್ಜನೂ ಆಗಿದ್ದಾನೆ’ ಎಂದು ಬರೆದಿದ್ದಳು. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತ. ಬಾಕಿ ಎಲ್ಲ ಅಂಶಗಳೂ ಸರಿಯಿದ್ದವು. ಐದಕ್ಕೆ ಐದು ಕೊಟ್ಟ.

ಮಧ್ಯಾಹ್ನ ಹೊರಡುವ ಹೊತ್ತಿಗೆ ಅನ್ನವ್ವತ್ತೆ ಇಳಕಲ್ ಸೀರೆಯುಟ್ಟು ಪಡಸಾಲೆಯಲ್ಲಿ ಕೂತಿದ್ದಳು. ಕರೆದುಕೊಂಡು ಹೋಗಬೇಕೆಂದು ಅವನೇ ಠರಾಯಿಸಿದ್ದ. ಅವಳೇ ಅವನ ಸಾಕ್ಷಿ. ಫಕ್ಕೀರವ್ವನ ಮಗಳು, ತಾಯಿ ಸತ್ತಾಗ ಏಳೆಂಟು ವರ್ಷದವಳು. ಈಗ ಎಂಬತ್ತು ದಾಟಿ, ಹಿಡಿ ಎಲುಬಾಗಿ, ಒಮ್ಮೊಮ್ಮೆ ಮಾತಿನ ನಡುವೆ ಎಲ್ಲಿಗೋ ಹೋಗಿಬಿಡುವಳು. ಅವನ ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿದ್ದೂ ಅವಳೇ. ಅವಳಿಗೂ ಒಂದು ಮದುವೆಯಾಗಿತ್ತು. ಇಡಿಸಿದ ಹಸಿರು ಬಳೆಗಳನ್ನು ವಾರದೊಳಗೆ ಒರಳಿಗೆ ಬಡಿದು ಒಡೆದುಕೊಂಡಳೆಂದು, ಗಂಡ ಬದುಕಿರುವಾಗಲೇ ರಂಡೆಯಾಗಲು ಹೊರಟವಳು ನಮಗೆ ಬೇಡವೆಂದು ಹಿರೇಕೆರೂರಿನ ಬೀಗರು ಗಾಡಿಯಲ್ಲಿ ತಂದು ಬಿಟ್ಟು ಹೋಗಿದ್ದರು. ಅದೇ ವರ್ಷ ಪುಸ್ತಕ ಬಂದಿತ್ತು; ಅವಳ ಮೈಮೇಲೆ ಚಂದ್ರಲೇಖೆ ಬರುತ್ತಾಳೆ ಎಂದು ಊರು ಆಡಿಕೊಂಡಿತು. ಊರ ಬಾಯಿಗೆ ಯಾರು ಬಂಡೆ ಎಳೆಯಬೇಕು? ಮೃತ್ಯುಂಜಯನ ಲಗ್ನದಲ್ಲಿ ಬಳೆಗಾರ ಬಂದಾಗಲೂ ಅವಳು ಅಡಿಗೆಮನೆಯಿಂದ ಹೊರಗೆ ಬಂದಿರಲಿಲ್ಲ, ಹಟಮಾರಿ ಮುದುಕಿ.

ಹಿಂದೊಮ್ಮೆ, ಅವನು ನೌಕರಿಗೆ ಸೇರಿದ ಹೊಸದರಲ್ಲಿ, ಕೇಳಿದ್ದ. ‘ಅತ್ತಿ, ಖರೇ ಹೇಳು, ಅವತ್ತ ಅಜ್ಜ ಎಲ್ಲಿದ್ದ?’

‘ನಮ್ಮಪ್ಪ ಬಂಕಾಪುರ ಸಂತಿಗೆ ಹೋಗಿದ್ದ,’ ಎಂದು ಅವಳು ಅವರೆಕಾಯಿ ಸುಲಿಯುತ್ತ ಹೇಳಿದ್ದಳು. ‘ಮನ್ಯಾಗ ಗಂಡಸರ ಇರಲಿಲ್ಲ. ಬೀಗರು ಬಂದಿದ್ರು, ಜ್ವಾಳ ಇರಲಿಲ್ಲ, ಮುಂಜಾನಿ ತಗದ ಹಗೇವಿಗೆ ಮಧ್ಯಾನ್ನನ ಇಳದ್ಲು ನಮ್ಮವ್ವ.’

ಇಷ್ಟು ಸಾಕಾಗಿತ್ತು ಅವನಿಗೆ. ಸಂತೆಗೆ ಹೋದವನು ಬದುಕಿದ್ದ ಹೆಂಡತಿಯ ಮೇಲೆ ಬಂಡೆ ಎಳೆಯುವುದು ಹೇಗೆ? ಇಂದು ಮೈಕಿನಲ್ಲಿ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಸಾವಿರ ಪ್ರಬಂಧ ಬರೆದಿರಿ, ಮನೆಯಲ್ಲೇ ಕೂತಿದ್ದ ಈ ಹೆಣ್ಣುಮಗಳನ್ನು ಯಾರಾದರೂ ಒಂದು ಮಾತು ಕೇಳಿದಿರಾ ಎಂದು ಕೇಳಬೇಕು. ಆಮೇಲೆ ಅವಳ ಕೈಗೆ ಮೈಕು ಕೊಡಬೇಕು. ಯೋಚಿಸಿದಾಗೆಲ್ಲ ಅವನ ಎದೆ ಉಬ್ಬುತ್ತಿತ್ತು. ಪುಸ್ತಕದವರ ಮುಖದ ಮೇಲೆ ಇಂಗು ತಿಂದ ಮಂಗನ ಕಳೆ ಬರುವುದನ್ನು ಅವನು ಕಣ್ಣು ಮುಚ್ಚಿ ಎಷ್ಟೋ ಸಲ ನೋಡಿ ಸವಿದಿದ್ದ.

ಬಾಡಿಗೆ ಕಾರು ಓಡಿಸುತ್ತಿದ್ದ ಇಸಾಕ ಅಕ್ಕಿಆಲೂರು ದಾಟುವುದರೊಳಗೆ ಶುರು ಮಾಡಿದ. ‘ಸರ, ಅದು ನಿಮ್ಮ ಮನೀ ಸ್ಟೋರಿ ಅಂತಲ್ರಿ? ರೀಲ್ಸ್‌ನ್ಯಾಗ ನೋಡೇನ್ರಿ. ನಿಮ್ಮ ವಾಡೇದ ಮುಂದ ನಿಂತು ಹುಡುಗೂರು ಏನ ಚೀರ್ತಾರ್ರಿ, ಮೈ ಜುಂ ಅಂತೈತಿ.’

‘ಮುಂದ ನೋಡಿ ಗಾಡಿ ಹೊಡಿಯಪ,’ ಅಂದ ಮೃತ್ಯುಂಜಯ.

ಆ ಹುಡುಗರಿಗೂ ಬೈದು ಸೋತಿದ್ದ. ಗೇಟಿಗೆ ಬೀಗ ಹಾಕಿದರೆ ಗೋಡೆ ಹಾರಿ ಬರುತ್ತಿದ್ದರು. ಬಂಡೆಯ ಮೇಲೆ ಮೊಬೈಲಿನ ದೀಪ ಹಚ್ಚಿಟ್ಟು ‘ಓಂ’ ಎಂದೂ ‘ಓಹ್’ ಎಂದೂ ಕೂಗುತ್ತಿದ್ದರು. ಅಂಥ ಒಂದು ದಿನವೇ ಪದ್ಮಜಾ ಬಂದದ್ದು. ಮಧ್ವೇಶರಾಯರ ಮೊಮ್ಮಗಳು, ಧಾರವಾಡದಲ್ಲಿ ವಕೀಲಳು, ಹವ್ಯಾಸಕ್ಕೆ ನಾಟಕ ಆಡಿಸುವವಳು. ಅದಕ್ಕೂ ಮೊದಲು ಹಾನಗಲ್ಲಿನಲ್ಲಿ ನಾಟಕ ಆಗದ ಹಾಗೆ ನಾಲ್ಕು ಹಿರಿಯರ ಕೈಕಾಲು ಹಿಡಿದು ಸಭಾಭವನ ತಪ್ಪಿಸಿದವನು ಇವನೇ. ಅದು ಗೊತ್ತಿದ್ದೂ ಅವಳು ಫೇಡೆಯ ಡಬ್ಬಿ ಹಿಡಿದು ಬಂದಿದ್ದಳು. ‘ಸರ್, ಸವಣೂರಾಗ ಮಾಡ್ಲಿಕತ್ತೇವಿ. ನೀವು ಬರಬೇಕು. ನಮ್ಮಜ್ಜ ಗೌಡರನ್ನ ಬರೇ ಕೆಟ್ಟವರನ್ನಾಗಿ ಬರದಿಲ್ಲ. ನಾ ಅವರ ಒಳಗಿನ ಸಂಕಟ ತೋರಸ್ತೇನಿ.’

‘ನಿಮ್ಮಜ್ಜ ಸುಳ್ಳ ಬರದಾರ,’ ಎಂದ ಇವನು, ಫೇಡೆ ಮುಟ್ಟದೆ.

ಅವಳು ಡಬ್ಬಿಯ ಮುಚ್ಚಳ ಹಾಕಿ ಹೇಳಿದಳು. ‘ಸಿಟ್ಟಾಗಬ್ಯಾಡ್ರಿ. ನಮ್ಮ ಮನಿಯೊಳಗ ಒಂದು ಮಾತದ. ಅವತ್ತು ಸಂಜಿಗೆ ಅಜ್ಜ ಸಾಲಿಯಿಂದ ಬಂದು, ಏನಾತ್ರಿ ಗೌಡ್ರ, ಬಾಯಾಗ ಯಾರ ಕೂತಿದ್ರು ಅಂತ ಕೇಳಿದ್ರಂತ. ನಿಮ್ಮಜ್ಜ ಬಂಡೆಗಲ್ಲು ಎಳಕೋತ, ನಾನ ಕುಂತಿದ್ದೆ, ನಾನ ಮುಚ್ಚಿದೆ, ಯಾರ ಕೇಳಿದ್ರೂ ಹಿಂಗ ಹೇಳ್ರಿ, ಅಂದ್ರಂತ. ಅದನ್ನ ಅಜ್ಜ ಬರದ್ರು.’

ಚಹಾದ ಕಪ್ಪು ನೆಲಕ್ಕೆ ಬಿದ್ದು ಒಡೆದದ್ದು ಕೈ ತಪ್ಪಿಯೋ, ಬೇಕೆಂದೇ ಎಸೆದೋ, ಅವನಿಗೆ ಇಂದಿಗೂ ಗೊತ್ತಿಲ್ಲ. ಬಾಡಿಗೆ ಮನೆಯವನಿಗೆ ಇಂಥ ಮಾತು ಯಾವ ಗೌಡ ಹೇಳುತ್ತಾನೆ? ನೆರಳು ಕೊಟ್ಟ ಮನೆಗೆ ಮಸಿ ಬಳಿದದ್ದಲ್ಲದೆ ಬಳಿಯಲು ಮನೆಯವನೇ ಹೇಳಿದ ಎನ್ನುವ ವಕೀಲಿಕೆ ಬೇರೆ. ಹಾಗಾದರೆ ನನಗೆ ಎರಡು ನಿಮಿಷ ಮೈಕು ಕೊಡು ಎಂದ. ಕೊಟ್ಟೆ ಎಂದಳು, ಕೊಡುವುದಕ್ಕೇ ಬಂದವಳಂತೆ.

ಬಂಕಾಪುರ ಬಂತು. ಸಂತೆಯ ದಿನವಲ್ಲ, ಬಯಲಿನಲ್ಲಿ ದನಗಳು ಪ್ಲಾಸ್ಟಿಕ್ಕು ಮೇಯುತ್ತಿದ್ದವು. ಅನ್ನವ್ವತ್ತೆ ಕಿಟಕಿಗೆ ಮುಖ ಹಚ್ಚಿ ‘ಇದ ಅಲ್ಲೇನೊ ಸಂತಿ ಬೈಲು? ನಮ್ಮಪ್ಪ ಇಲ್ಲೇ ಬಂದಿದ್ದ,’ ಅಂದಳು. ಅವನು ಅವಳ ಕೈ ಅದುಮಿದ. ‘ಇದನ್ನ ಅಲ್ಲಿ ಹೇಳಬೇಕು ನೋಡತ್ತಿ. ಮೈಕಿನ್ಯಾಗ. ಹೆದರಬ್ಯಾಡ.’ ಅವಳು ಅವನ ಮುಖವನ್ನೇ ನೋಡಿದಳು. ಬಳೆಯಿಲ್ಲದ ಒಣ ಮಣಿಕಟ್ಟು ಅವನ ಅಂಗೈಯಲ್ಲಿ ತಣ್ಣಗಿತ್ತು.

ಸವಣೂರಿನ ಸಭಾಭವನ ತುಂಬಿತ್ತು. ಬಾಗಿಲಲ್ಲಿ ಖಾರದ ಪೊಟ್ಟಣ ಮಾರುವವರು, ಹಾರೆಯಂತೆ ಸೆಟೆದ ಸ್ವಯಂಸೇವಕರು, ಅವನ ಬೆನ್ನ ಮೇಲೆ ನೆಟ್ಟ ಕಣ್ಣುಗಳು. ‘ಅವರ ನೋಡ್ಲೇ, ಮೊಮ್ಮಗ,’ ಎಂದು ಯಾರೋ ಅಂದದ್ದು ಕೇಳಿಸಿತು. ಹೆಸರು ಬೇಡ, ಮೊಮ್ಮಗ ಅಂದರೆ ಸಾಕು. ಊರಿನಲ್ಲಿ ಇನ್ಯಾರಿಗೂ ಅಜ್ಜನೇ ಇರಲಿಲ್ಲವೇನೋ ಎಂಬಂತೆ. ಮುಂದಿನ ಸಾಲಿನಲ್ಲಿ ಕೂರಿಸಿದರು. ಅಜ್ಜನೂ ಹೀಗೇ ಮುಂದಿನ ಕುರ್ಚಿಯಲ್ಲಿ ಕೂತಿದ್ದ ಎಂಬುದು ಥಟ್ಟನೆ ನೆನಪಾಗಿ ಮೈ ಉರಿಯಿತು. ದೀಪ ಆರಿತು.

ಪದ್ಮಜಾ ದೆವ್ವ ತಂದಿರಲಿಲ್ಲ, ಹಾವು ತಂದಿರಲಿಲ್ಲ. ರಂಗದ ನಡುವೆ ಒಂದು ದುಂಡನೆಯ ತೂತು, ಅದರ ಸುತ್ತ ಒಂದು ಸಾಮಾನ್ಯ ಮನೆ. ಚಂದ್ರಲೇಖೆಯ ಪಾತ್ರ ಮಾಡಿದ ಪೂಜಾ ಎಂಬ ಕಾಲೇಜಿನ ಹುಡುಗಿ ಸೆರಗು ಸಿಕ್ಕಿಸಿ ಕೇರುತ್ತಿದ್ದಳು, ಬೀಸುತ್ತಿದ್ದಳು, ಗಂಡನಿಗೆ ಎದುರು ಮಾತಾಡುತ್ತಿದ್ದಳು. ಚೆನ್ನಾಗಿತ್ತು, ಅದೇ ಅವನಿಗೆ ತಡೆಯಲಾಗಲಿಲ್ಲ. ಕೆಟ್ಟದಾಗಿದ್ದರೆ ಬೈಯುವುದು ಸುಲಭ. ಒಳ್ಳೆಯ ಸುಳ್ಳಿನ ಎದುರು ಖರೇ ಮಾತು ಹಳ್ಳಿಯ ಬೀಗರಂತೆ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಹಗೇವಿನ ದೃಶ್ಯ ಬಂತು. ಹುಡುಗಿ ಗಂಡನನ್ನು ಕೇಳಿದಳು, ‘ಇಳೀತೇನಿ, ಖರೆ. ಬಾಯಾಗ ಯಾರ ಕುಂದರ್ತೀರಿ?’

ಗೌಡನ ವೇಷದವನು ಹೇಳಿದ, ‘ನಾನ ಕುಂದರ್ತೇನಿ.’

ಹಗ್ಗದಲ್ಲಿ ಕಂದೀಲು ಇಳಿಯಿತು, ಆರಿತು. ಗೌಡ ಅದನ್ನು ನೋಡಿದ. ‘ಉರಿಯಾಕತ್ತೈತಿ, ಇಳಿ,’ ಅಂದ. ಹುಡುಗಿ ಇಳಿದಳು. ಅವನು ಬಾಯಲ್ಲಿ ಕೂತ, ಕೂಗಲಿಲ್ಲ. ಮೃತ್ಯುಂಜಯ ಹಲ್ಲು ಕಚ್ಚಿ ಮನಸ್ಸಿನಲ್ಲೇ ಹೇಳಿಕೊಂಡ: ಅವನು ಅಲ್ಲಿರಲಿಲ್ಲ, ಸಂತೆಗೆ ಹೋಗಿದ್ದ, ಬಾಯಲ್ಲಿ ಕೂತವನು ಅವನಲ್ಲ. ಅವನಲ್ಲ ಅಂದಮೇಲೆ? ಹಗೇವಿಗೆ ಒಬ್ಬರು ಇಳಿದರೆ ಬಾಯಲ್ಲಿ ಒಬ್ಬರು ಕೂರಲೇಬೇಕು. ಹಗೇವು ಕಂಡ ಮನೆಯ ಕೂಸಿಗೂ ಅದು ಗೊತ್ತು. ಇಷ್ಟು ವರ್ಷ ಪಾತ್ರ ಚಿತ್ರಣ, ಕಥಾವಸ್ತು ಎಂದು ಹುಡುಗರ ಕಿವಿ ಹಿಂಡಿದವನು ಈ ಒಂದು ಪ್ರಶ್ನೆಯನ್ನು ತಾನೇ ಕೇಳಿಕೊಂಡಿರಲಿಲ್ಲ. ಅಜ್ಜನನ್ನು ಅಲ್ಲಿಂದ ಎಬ್ಬಿಸಿ ಕಳಿಸುವ ಅವಸರದಲ್ಲಿ, ಖಾಲಿಯಾದ ಜಾಗದಲ್ಲಿ ಯಾರಿದ್ದರೆಂದು ನೋಡಿರಲಿಲ್ಲ.

‘ಯವ್ವಾ, ಓ ಅನ್ನ.’

ಪಕ್ಕದ ಕುರ್ಚಿಯಿಂದ. ಮುದುಕಿಯ ದನಿಯಲ್ಲ ಅದು. ಸಣ್ಣ ಹುಡುಗಿಯೊಬ್ಬಳು ಆಟಕ್ಕೆ ರಾಗ ಎಳೆದಂತೆ ಇತ್ತು. ಅನ್ನವ್ವತ್ತೆ ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈಯೂರಿ ರಂಗದ ತೂತನ್ನೇ ನೋಡುತ್ತಿದ್ದಳು. ‘ಯವ್ವಾ, ಓ ಅನ್ನ.’ ಸಭೆ ಅದೂ ನಾಟಕದ ಭಾಗವೇ ಎಂದುಕೊಂಡಿತು. ರಂಗದ ಕೆಳಗಿದ್ದ ಪೂಜಾಗೆ ಏನನ್ನಿಸಿತೋ, ಬಾಯಿ ತಪ್ಪಿ ‘ಓ’ ಎಂದುಬಿಟ್ಟಳು. ಮುದುಕಿಯ ಮುಖ ಅರಳಿತು. ಅವಳು ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು, ದನಿ ತಗ್ಗಿಸಿ, ಅವನೊಬ್ಬನಿಗೇ ಕೇಳಿಸುವ ಹಾಗೆ ಹೇಳಿದಳು: ‘ಅಂಗಳದಾಗ ಬಳಿಗಾರ ಬಂದಾನ ಯವ್ವಾ. ನೋಡಿ ಬಂದಬಿಡ್ತೇನಿ. ಒಂದ ಗಳಿಗಿ.’

ಎದ್ದವಳು ಹಾಗೇ ನಿಂತಳು. ಅವನು ಸೆರಗು ಹಿಡಿದು ಎಳೆದ. ಕೂತಳು. ಮತ್ತೆ ಕೂಗಿದಳು, ‘ಯವ್ವಾ, ಓ ಅನ್ನ.’ ನಾಟಕದ ಪ್ರಕಾರ ಈಗ ಒಳಗಿನವಳು ಸತ್ತಿರಬೇಕು. ಹುಡುಗಿ ಉತ್ತರ ಕೊಡಲಿಲ್ಲ. ‘ಯವ್ವಾ, ಓ ಅನ್ನ. ಓ ಅನ್ನ. ಬಂದೆ ನಾ, ಓ ಅನ್ನ.’ ರಂಗದ ಮೇಲೆ ಗೌಡ ಬಂಡೆ ಎಳೆದ. ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಒರಳಿಗೆ ಬಡಿದ ಹಸಿರು ಬಳೆಗಳು. ಅಡಿಗೆಮನೆಯಿಂದ ಹೊರಗೆ ಬಾರದ ಅತ್ತೆ. ‘ಛಲೋ ಮಾಡ್ಯಾರ’ ಎಂದು ಕೈಕಾಲು ತೊಳೆದುಕೊಂಡ ಅಜ್ಜ. ಸಂಜೆ ಸಂತೆಯಿಂದ ಬಂದು ಹೆಂಡತಿಯ ಹೆಣವನ್ನೂ ಬಾಯಲ್ಲಿ ಕೂತು ಕೂಗುತ್ತಿದ್ದ ಮಗಳನ್ನೂ ಒಟ್ಟಿಗೆ ಕಂಡವನು, ಆ ಮಗುವನ್ನು ಯಾರೂ ಏನೂ ಕೇಳದ ಹಾಗೆ ತಾನೇ ಹೋಗಿ ಆ ಜಾಗದಲ್ಲಿ ಕೂತುಬಿಟ್ಟಿದ್ದ. ಹೊರಗಿನ ಖೋಲಿಯ ಮಾಸ್ತರನಿಗೆ ಹೇಳಿದ. ಮಾಸ್ತರ ಬರೆದ, ಕಂಪನಿ ಕುಣಿಯಿತು, ಪಂಡಿತರು ಸೀಳಿದರು, ಅಜ್ಜ ಅಲ್ಲಿಂದ ಏಳಲೇ ಇಲ್ಲ. ಎಬ್ಬಿಸಲು ಹೊರಟವನು ತಾನು. ಮೃತ್ಯುಂಜಯನಿಗೆ ಮೊದಲು ಬಂದದ್ದು ಕರುಣೆಯಲ್ಲ, ಸಿಟ್ಟು. ಇದ್ದಿಲ ಮೀಸೆ ಬರೆಸಿಕೊಂಡು ಬಂದಾಗ ಮುಖ ಒರೆಸಿದ ಇದೇ ಕೈ, ಒಂದೇ ಒಂದು ಮಾತು ಹೇಳಿದ್ದರೆ! ಒಂದು ಗಳಿಗೆ ಅವನು ಆ ಮುದುಕಿಯನ್ನು ಮನಸಾರೆ ದ್ವೇಷಿಸಿದ. ಅವಳು ಅವನ ತೋಳಿಗೆ ಆನಿಕೊಂಡಿದ್ದಳು, ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು. ಅದೇ ವಾಸನೆಯಲ್ಲಿ ಅವನು ಮಲಗಿ ಬೆಳೆದಿದ್ದ.

ಚಪ್ಪಾಳೆ ನಿಲ್ಲುವ ಮೊದಲೇ ಪದ್ಮಜಾ ಅವನ ಹೆಸರು ಕರೆದಳು. ‘ಕಾದಂಬರಿಯ ಬಗ್ಗೆ ಬ್ಯಾರೆ ಅಭಿಪ್ರಾಯ ಇರೋರು, ಆ ಮನಿತನದವರು,’ ಎಂದು ಪರಿಚಯ ಹೇಳಿದಳು. ಮೆಟ್ಟಿಲು ಹತ್ತಿದ. ಮೈಕು ಕೈಗೆ ಬಂತು. ಎದುರಿಗೆ ಅಷ್ಟೂ ಜನ, ಜಗಳ ನೋಡುವ ಹಸಿವಿನಿಂದ ಕತ್ತು ಚಾಚಿದವರು. ಮೊಬೈಲುಗಳು ಮೇಲೆದ್ದಿದ್ದವು. ಮುಂದಿನ ಸಾಲಿನಲ್ಲಿ ಅನ್ನವ್ವತ್ತೆ. ಕಾರಿನಲ್ಲಿ ಹೇಳಿಕೊಟ್ಟದ್ದು ನೆನಪಿತ್ತೋ ಏನೋ, ಕರೆಯುತ್ತಾನೆಂದು ಸೆರಗು ಸರಿಮಾಡಿಕೊಂಡು, ಏಳಲು ಕುರ್ಚಿಯ ಕೈ ಹಿಡಿದು ಕೂತಿದ್ದಳು. ಅಜ್ಜ ಸಂತೆಗೆ ಹೋಗಿದ್ದ ಎಂದು ಒಂದು ಮಾತು ಹೇಳಿದರೆ ಆಯಿತು. ನಾಳೆ ಬೆಳಗ್ಗೆಯೇ ಯಾರಾದರೂ ಕೇಳುತ್ತಾರೆ, ಹಾಗಾದರೆ ಬಾಯಲ್ಲಿ ಯಾರಿದ್ದರು? ಪ್ರಬಂಧ ಬರೆಯುತ್ತಾರೆ. ಗೋಡೆ ಹಾರಿ ಬಂದು ಅವಳ ಮುಖಕ್ಕೆ ಮೊಬೈಲು ಹಿಡಿಯುತ್ತಾರೆ. ಕನ್ನಡಿಯ ಮುಂದೆ ತಿದ್ದಿ ತಿದ್ದಿ ಇಟ್ಟುಕೊಂಡ ಮಾತನ್ನು ಅವನು ಅಲ್ಲೇ ಬಿಟ್ಟ.

‘ಕಾದಂಬರಿಯಾಗ ಬರದದ್ದು ಖರೇ ಐತ್ರಿ,’ ಅಂದ. ಪಾಠದ ಕನ್ನಡ ಎಲ್ಲಿಗೆ ಹೋಯಿತೋ, ಮನೆಯ ಮಾತೇ ಬಂತು. ‘ನಮ್ಮಜ್ಜನ ಬಾಯಾಗ ಕುಂತಿದ್ದ. ನಮ್ಮಜ್ಜನ ಮುಚ್ಚಿದ.’

ಅಷ್ಟೇ. ಎರಡು ನಿಮಿಷ ಬೇಕಾಗಿರಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಬ್ಬಾ, ಧೈರ್ಯ ಅಂದರೆ ಇದು, ಎಂದು ಯಾರೋ ಕೂಗಿದರು. ಹುಟ್ಟಿದಾಗಿನಿಂದ ಅವನನ್ನು ನೋಡಿ ನಕ್ಕವರೆಲ್ಲ ಈಗ ಅವನಿಗಾಗಿ ಎದ್ದು ನಿಂತಿದ್ದರು. ಒಬ್ಬೊಬ್ಬರ ಕೈಯನ್ನೂ ಮುರಿಯಬೇಕೆನ್ನಿಸಿತು ಅವನಿಗೆ. ಪದ್ಮಜಾಳ ಕಣ್ಣಲ್ಲಿ ನೀರಿತ್ತು, ಗೆದ್ದವಳ ನೀರು. ಕೆಳಗಿಳಿಯುವಾಗ ಅವನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು. ‘ಸರ್, ಶಿಗ್ಗಾಂವಿ ಶೋಗೂ ಬರ್ರಿ, ಹಿಂಗ ಹೇಳ್ರಿ. ಮತ್ತ ಅಜ್ಜಿ ಕೂಗಿದ್ರಲ್ಲ, 'ಓ ಅನ್ನ' ಅಂತ, ಅದನ್ನ ಇಟ್ಕೋತೇನ್ರಿ ನಾಟಕದಾಗ. ಒಬ್ಬ ಸಣ್ಣ ಹುಡುಗೀನ ಕೂಡಸ್ತೇನಿ. ಎಷ್ಟ ಛಂದ ಆಗ್ತದ ನೋಡ್ರಿ.’

ಬೇಡ ಅನ್ನಬೇಕು. ಬೇಡ ಎಂದರೆ ಯಾಕೆ ಎನ್ನುತ್ತಾಳೆ, ವಕೀಲಳು. ಸಿಟ್ಟು ನೆತ್ತಿಗೇರಿದ್ದರೂ ತೋರಿಸುವಂತಿರಲಿಲ್ಲ. ‘ನಿಮ್ಮ ನಾಟಕ, ನಿಮಗ ಬಿಟ್ಟದ್ದು,’ ಎಂದು ಹಲ್ಲು ಕಿರಿದ. ಇನ್ನು ಮುಂದೆ ಅದೂ ಬರುತ್ತದೆ. ಆ ಹುಡುಗಿ ಯಾವುದರ ಸಂಕೇತ ಎಂದು ಪಂಡಿತರು ಹೇಳುತ್ತಾರೆ. ಯಾರಿಗೂ ಏನೂ ತಿಳಿಯುವುದಿಲ್ಲ.

ಇಸಾಕನ ಕಾರು ಹೊರಟಿತು. ಅವನೂ ಒಳಗೆ ಬಂದು ನಿಂತು ನೋಡಿದ್ದನೆಂದು ಕಾಣುತ್ತದೆ, ಈಗ ಮುಂದೆ ನೋಡಿ ಗಾಡಿ ಹೊಡೆದ. ಅನ್ನವ್ವತ್ತೆ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆ ಅಂದುಕೊಂಡ. ಅವಳಿಗೆ ಮೈಕಿನ ಮಾತು ಕೇಳಿಸಿತೋ ಇಲ್ಲವೋ, ತಿಳಿಯಿತೋ ಇಲ್ಲವೋ. ಕೇಳದಿರಲಿ ಎಂದು ಬೇಡಿಕೊಂಡ. ಬಂಕಾಪುರದ ಸಂತೆ ಬಯಲು ಮತ್ತೆ ಬಂತು, ದನಗಳು ಹೋಗಿದ್ದವು. ಕತ್ತಲಲ್ಲಿ ಅವಳ ಕೈ ಹುಡುಕಿಕೊಂಡು ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

‘ನಮ್ಮಪ್ಪನೂ ಹಿಂಗ ಅಂದಿದ್ದ, ತಮ್ಮಾ,’ ಅಂದಳು.